ಸೊಳ್ಳೆಯೂ ಸಾಯದ ನಾಟಕ

“ನಾನು ಆರ್ಸೋ ನಾಟ್ಕದಲ್ಲಿ ಮನುಸ್ರ ಮಾತು ಅತ್ಲಾಗಿರ್ಲಿ, ಒಂದು ಸೊಳ್ಳೆನೂ ಸಾಯಕೂಡ್ದು!”

ಹೀಗೆಂದು ಬೆಸಗರಹಳ್ಳಿಯ ಮುದ್ದಮ್ಮ ಶಪಥ ಮಾಡಿದಳು. ಕತ್ತಿ ಹಿರಿದು ಶಪಥ ಮಾಡುವುದು ರಾಜರ ಪದ್ಧತಿ. ಮುದ್ದಮ್ಮನ ಕೈಯಲ್ಲಿ ಆ ಹೊತ್ತಿಗೆ ಇದ್ದದ್ದು ಹಿಟ್ಟು ತೊಳಸುವ ಕೋಲು. ಅದನ್ನೇ ಹಿರಿದಳು! ಕೋಲಿನ ತುದಿಯಿಂದ ಬಿಸಿ ಹಿಟ್ಟಿನ ಒಂದು ತುಣುಕು ಹಾರಿ ಗಂಡ ಚಿಕ್ಕಬೋರಯ್ಯನ ಹೆಗಲ ಮೇಲೆ ಬಿತ್ತು.

ಅವನು ಅದನ್ನು ಒರೆಸಿಕೊಂಡು, “ಸೊಳ್ಳೆ ಸಾಯ್ದಿರೋ ನಾಟ್ಕ ನಮ್ ಕೊಟ್ಗೇಲೇ ದಿನಾ ನಡೀತದಲ್ಲ ಮುದ್ದಿ. ಟಿಕೀಟೂ ಇಲ್ಲ,” ಎಂದ.

“ನಿಮ್ಗೆ ಎಲ್ಲಾ ತಮಾಸೆ.”

“ತಮಾಸೆ ನೋಡಾಕೆ ತಾನೆ ನೀನು ಬೆಂಗಳೂರ್ಗೆ ಎಳ್ಕಂಡೋಗ್ತಿರೋದು?”

ಮುದ್ದಮ್ಮ ಹೊರಗೆ ಕಣ್ಣು ಹಾಯಿಸಿದಳು. ಹೊಸ್ತಿಲ ಆಚೆ ಜಗಲಿಯ ಮೇಲೆ ಮೊಮ್ಮಗಳು ಮರಿತಾಯಿ ಮದ್ದೂರಿನ ದಾರಿ ನೋಡುತ್ತ ಕುಳಿತಿದ್ದಳು. ಆ ದಾರಿಯಲ್ಲಿ ಗಾಡಿ ಬಂದರೆ ಎದ್ದು ನಿಲ್ಲುವಳು. ಗಾಡಿ ಮುಂದೆ ಹೋದರೆ ಕುಳಿತುಕೊಳ್ಳುವಳು. ಆರು ವರ್ಷದ ಮಗುವಿಗೆ ಇದೇ ಆಟವಾಗಿತ್ತು.

ಅದಕ್ಕೆ ಕಾರಣ ಮುದ್ದಮ್ಮನೇ. ಕಳೆದ ವರ್ಷ ಅವಳ ಒಬ್ಬಳೇ ಮಗಳು ನಂಜಿ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಹಸುಗೂಸು ಮೂರು ದಿನವೂ ಉಳಿಯಲಿಲ್ಲ. ತಾಯಿಗೆ ಜ್ವರ ಹತ್ತಿತು. ಮದ್ದೂರಿನಲ್ಲಿ ರೈಲು ಹತ್ತಿಸಿ ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಹಸಿರು ಸೀರೆ ಉಟ್ಟು, ಕಂಬಳಿ ಹೊದ್ದು ಕುಳಿತಿದ್ದ ನಂಜಿ, ಕಿಟಕಿಯಿಂದ ಕೈ ನೀಡಿ, ವಡೆ ಮಾರುವವನಿಂದ ಒಂದು ವಡೆ ಕೊಂಡು ಮಗಳ ಕೈಗೆ ಕೊಟ್ಟಿದ್ದಳು. ರೈಲು ಹೊರಟಿತು. ಹೋದ ನಂಜಿ ಬರಲಿಲ್ಲ. ಅಲ್ಲೇ ಎಲ್ಲ ಮುಗಿದು, ಅಲ್ಲೇ ಮಣ್ಣು ಮಾಡಿ, ಗಂಡಸರು ಬರಿಗೈಯಲ್ಲಿ ಬಂದರು. ಮಕ್ಕಳಿಬ್ಬರನ್ನೂ ಅಜ್ಜಿಯ ಬಳಿ ಬಿಟ್ಟು ಅವರ ಅಪ್ಪ ಮಂಡ್ಯಕ್ಕೆ ಹೋದ.

ಅಂದು ಮರಿತಾಯಿ, “ಅವ್ವ ಎಲ್ಲಜ್ಜಿ?” ಎಂದು ಕೇಳಿದಾಗ ಮುದ್ದಮ್ಮನ ಬಾಯಿಂದ ಬಂದ ಮಾತು, “ವಾಸಿ ಮಾಡ್ಕಂಡು ಬತ್ತಾಳೆ ಕಣವ್ವ.”

ಒಂದು ದಿನಕ್ಕೆಂದು ಹೇಳಿದ ಮಾತು ವರ್ಷವಿಡೀ ಮನೆಯಲ್ಲಿ ಉಳಿದುಕೊಂಡಿತು. ಹತ್ತು ವರ್ಷದ ಅಣ್ಣ ಸಿದ್ದರಾಮುವಿಗೆ ನಿಜ ಗೊತ್ತಿತ್ತು. ತಂಗಿಗೆ ಹೇಳಕೂಡದೆಂದು ದೀಪ ಮುಟ್ಟಿಸಿ ಅವನಿಂದ ಆಣೆ ಮಾಡಿಸಿದ್ದಾಯಿತು. ಆಮೇಲೆ ಆ ಮನೆಯಲ್ಲಿ ಮಗುವಿನ ಮುಂದೆ ‘ಸಾವು’ ಎಂಬ ಮಾತಿಗೇ ಬಹಿಷ್ಕಾರ! ಕರು ಸತ್ತರೆ “ಮಾರ್ಬುಟ್ಟೊ” ಎನ್ನಬೇಕು. ಪಕ್ಕದ ಮನೆಯ ಮುದುಕ ಸತ್ತಾಗ ಅವನನ್ನು ಮಳವಳ್ಳಿಯ ಮಗಳ ಮನೆಗೆ ಕಳಿಸಿದರು. ಕೋಳಿಸಾರು ಉಣ್ಣುವಾಗ ಮರಿತಾಯಿ, “ಆ ಕೆಂದ್ಕೋಳಿ ಎಲ್ಲೋಯ್ತಜ್ಜಿ?” ಎಂದು ಕೇಳಿದಳು. “ನೆಂಟ್ರ ಮನೇಗೆ ಓಯ್ತು ಕಣವ್ವ” ಎಂದಳು ಮುದ್ದಮ್ಮ. ಚಿಕ್ಕಬೋರಯ್ಯ ಕಾಲೊಂದನ್ನು ಚೀಪುತ್ತ, “ಚೆನ್ನಾಗಿ ಬೆಂದದೆ ನೆಂಟ್ರ ಮನೆ,” ಎಂದ.

ನಗೆಯ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಸಂಜೆ ದೀಪ ಹಚ್ಚುವಾಗ ಮರಿತಾಯಿ ನರಸಿಂಹಸ್ವಾಮಿಯ ಪಟದ ಮುಂದೆ ಕೈ ಮುಗಿದು, “ಅವ್ವನ್ನ ಬಿರ್ನೆ ಕಳ್ಸು ಸಾಮಿ,” ಎನ್ನುವಳು. ಮುದ್ದಮ್ಮ ಆಗ ದೇವರ ಮುಖ ನೋಡುತ್ತಿರಲಿಲ್ಲ. ಬತ್ತಿ ಸರಿ ಮಾಡುವ ನೆವದಲ್ಲಿ ತಲೆ ತಗ್ಗಿಸಿಬಿಡುವಳು. ಸ್ವಾಮಿಯ ಮುಂದೆ ವರ್ಷವಿಡೀ ಅಷ್ಟೊಂದು ಶ್ರದ್ಧೆಯಿಂದ ಬತ್ತಿ ಸರಿ ಮಾಡಿದವರು ಬೇರೆ ಯಾರೂ ಇರಲಾರರು.

ಈಗ ಮುಂದಿನ ತಿಂಗಳು ನಂಜಿಯ ವರ್ಷದ ಎಡೆ. ನೆಂಟರೆಲ್ಲ ಬರುತ್ತಾರೆ. ಸೀರೆ ಇಟ್ಟು, ಹೂ ಏರಿಸಿ, ಅವಳಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಬೇಕು. ಅಂದು ಯಾವ ಸುಳ್ಳೂ ಉಳಿಯುವುದಿಲ್ಲ. ಅದಕ್ಕೆ ಮುಂಚೆ ತಾನೇ ಹೇಳಿಬಿಡಬೇಕು. ಆದರೆ ವರ್ಷದಿಂದ ನಗದ ಮಗುವಿಗೆ ಹೇಗೆ ಹೇಳುವುದು? ಒಂದು ದಿನ ಅದು ಹೊಟ್ಟೆ ತುಂಬ ನಗಲಿ, ಆ ನಗು ಆರುವುದರೊಳಗೆ ಹೇಳಿದರೆ ನೋವು ಅಷ್ಟಾಗಿ ತಾಕಲಿಕ್ಕಿಲ್ಲ. ಮುದ್ದಮ್ಮನ ಲೆಕ್ಕಾಚಾರ ಇದು. ಬಿಸಿನೀರಲ್ಲಿ ನೆನೆಸಿ ಮುಳ್ಳು ತೆಗೆದ ಹಾಗೆ.

ನಗಿಸಲು ನಾಟಕವೇ ಸರಿ. ಯಾವ ನಾಟಕ ಎಂಬುದು ಮುಂದಿನ ಪ್ರಶ್ನೆ. ಆಗ ಸರಿಯಾಗಿ ಅವಳ ತಮ್ಮ ಲಿಂಗಯ್ಯ ಊರಿಗೆ ಬಂದ. ಬೆಂಗಳೂರಿನ ಬಟ್ಟೆ ಗಿರಣಿಯಲ್ಲಿ ಕೆಲಸ. ಹಗಲು ಗಿರಣಿ, ರಾತ್ರಿ ನಾಟಕ. ಎಲ್ಲ ಕಂಪನಿಗಳ ಎಲ್ಲ ಆಟಗಳೂ ಅವನಿಗೆ ಬಾಯಿಪಾಠ. ಮುದ್ದಮ್ಮ ಅವನನ್ನು ಒಲೆಯ ಮುಂದೆ ಕೂರಿಸಿಕೊಂಡು ವಿಚಾರಣೆ ಶುರು ಮಾಡಿದಳು.

“ಮೊದ್ಲು ಯುದ್ದದ ನಾಟ್ಕ ಯೋಳು ಚಿಕ್ತಾತ!” ಎಂದ ಸಿದ್ದರಾಮು.

“ಒಂದದೆ. ಭಾರಿ ಕತ್ತಿ ವರ್ಸೆ. ನಮ್ ಕಡೆಯೋರು ಒಬ್ರೂ ಸಾಯಕಿಲ್ಲ ಅಕ್ಕ. ಬರೀ ಶತ್ರುಗಳು.”

“ಎಷ್ಟು ಜನ ಶತ್ರುಗಳು?”

“ಇಡೀ ಸೈನ್ಯ.”

“ಅವ್ರ ಮನೇಲಿ ಎಡ್ತಿ ಮಕ್ಳು ಇಲ್ವೇನ್ಲಾ? ಬ್ಯಾಡ.”

“ಆಗ್ಲಿ. ರಾಕ್ಷಸನ ನಾಟ್ಕ ಅದೆ. ಅದ್ರಲ್ಲಿ ಸಾಯೋನು ಒಬ್ನೇ, ರಾಕ್ಷಸ.”

“ಅವ್ನಿಗೆ ತಾಯಿ ಅವ್ಳಾ?”

ಲಿಂಗಯ್ಯ ತಲೆ ಕೆರೆದುಕೊಂಡ. “ಅವ್ಳೆ ಅಕ್ಕ. ಕೊನೇಗೆ ಬಂದು ಎದೆ ಬಡ್ಕಂಡು ರಾಗ ತೆಗ್ದು ಆಡ್ತಾಳೆ. ಆ ಆಡಿಗೇ ಜನ ವನ್ಸ್‌ಮೋರ್ ಅನ್ನೋದು!”

“ನಿಮ್ ಜನುಕ್ಕೆ ಬೆಂಕಿ ಬೀಳ! ಮಗ ಸತ್ತೋಳ್ನ ಇನ್ನೊಂದ್ಸಲ ಅಳು ಅಂತಾರಾ? ಬ್ಯಾಡ.”

ಭಕ್ತನ ನಾಟಕದಲ್ಲಿ ಯಾರೂ ಸಾಯುತ್ತಿರಲಿಲ್ಲ, ಆದರೆ ತಾಯಿ ಮಗು ಹನ್ನೆರಡು ವರ್ಷ ಅಗಲಿರುತ್ತಿದ್ದರು. ಬೇಡ. ಪ್ರೇಮದ ನಾಟಕದಲ್ಲಿ ರಾಜಕುಮಾರಿ ವಿಷ ಕುಡಿಯುತ್ತಿದ್ದಳು. ಬೇಡ. ಹೆಂಡದ ಕೇಡಿನ ನಾಟಕದಲ್ಲಿ ಒಂದು ಬಾವಿ ಇತ್ತು. ಬಾವಿ ಎಂದ ಕೂಡಲೇ ಮುದ್ದಮ್ಮ ಕೈ ಅಡ್ಡ ಹಿಡಿದಳು.

ಲಿಂಗಯ್ಯನಿಗೆ ತಾಳ್ಮೆ ತಪ್ಪಿತು. “ಅಲ್ಲಕ್ಕ, ಬೆಂಗಳೂರ್ನಾಗೆ ಜನ ದುಡ್ಡು ಕೊಟ್ಟು ಓಗೋದೇ ಅಳಾಕೆ! ಮನೇಲಿ ಅತ್ರೆ ಯಾಕೆ ಅಂತಾರೆ. ಅಲ್ಲಿ ಯಾರೂ ಕೇಳಕಿಲ್ಲ.”

ಮುದ್ದಮ್ಮ ಒಲೆಯ ಉರಿಯನ್ನು ಹಿಂದಕ್ಕೆ ಎಳೆದು, “ನಮ್ಗೆ ನಗೋದು ಬೇಕು,” ಎಂದಳು.

“ಅಂಗಾದ್ರೆ ‘ಅಳಿಯನ ಎಮ್ಮೆ’ ಒಂದೇ. ಭಾನ್ವಾರ ಮದ್ಯಾನ ಎಂಗಸ್ರು ಮಕ್ಳಿಗೆ ಅಂತಾನೇ ಆಡ್ತಾರೆ. ಅಳಿಯ ದಡ್ಡ. ಅತ್ತೆ ಮನೆ ಎಮ್ಮೆ ಮೇಸಾಕೆ ಓಗ್ತಾನೆ. ಬರೀ ನಗು.”

“ಅತ್ತೆ ಸಾಯ್ತಾಳಾ?”

“ಇಲ್ಲ.”

“ಮಾವ? ಮುದುಕ್ರು ಯಾರಾದ್ರೂ?”

“ಎಲ್ರೂ ಗಟ್ಟಿಮುಟ್ಟಾಗವ್ರೆ.”

“ಎಮ್ಮೆ?”

“ಎಮ್ಮೆ ಕಳ್ದೋಯ್ತದೆ...” ಮುದ್ದಮ್ಮನ ಹುಬ್ಬು ಏರಿದ್ದನ್ನು ಕಂಡು ಲಿಂಗಯ್ಯ ಬೇಗ ಬೇಗ ಹೇಳಿದ, “ಕೊನೇಗೆ ಸಿಕ್ತದೆ!”

“ಸಿಗೋದು ಖಾತ್ರಿನಾ?”

“ನಾನು ನಾಕು ಸಲ ನೋಡಿವ್ನಿ ಅಕ್ಕ. ನಾಕೂ ಸಲ ಸಿಕ್ಕದೆ!”

ಹೀಗೆ ‘ಅಳಿಯನ ಎಮ್ಮೆ’ ಮುದ್ದಮ್ಮನ ಆಸ್ಥಾನದಲ್ಲಿ ತೇರ್ಗಡೆಯಾಯಿತು. ಮೈಸೂರಿನಲ್ಲೂ ಕಂಪನಿಗಳಿದ್ದವು, ದಾರಿಯೂ ಹತ್ತಿರ. ಆದರೆ ಆ ದಿಕ್ಕಿನ ಮಾತನ್ನೇ ಅವಳು ಎತ್ತಗೊಡಲಿಲ್ಲ. ಮೈಸೂರೆಂದರೆ ನಂಜಿ ಹೋದ ಊರು. ಬೆಂಗಳೂರಿಗೂ ನಂಜಿಗೂ ಯಾವ ನಂಟೂ ಇಲ್ಲ. ತನ್ನ ಈ ಮುಂದಾಲೋಚನೆಗೆ ತಾನೇ ಬೆರಗಾಗಿ ಗಂಡನಿಗೆ ಹೇಳಿದಳು: “ದಿಕ್ಕು ಕೂಡ ನೋಡಿ ಆರ್ಸಿವ್ನಿ. ಇನ್ನೇನ್ ತಪ್ಪು ಕಂಡಿಡೀತೀರೋ ಇಡೀರಿ!”

ಗಂಡನಿಗೆ ಏನೂ ಕಾಣಲಿಲ್ಲ. ಅಷ್ಟರ ಮಟ್ಟಿಗೆ ಅವನೂ ಪಾಲುಗಾರನೇ.

“ಬೆಂಗಳೂರ್ಗೆ ನಾಟ್ಕ ನೋಡಾಕೆ ಓಗಾನ ಮರಿತಾಯಿ,” ಎಂದು ಮುದ್ದಮ್ಮ ಹೇಳಿದಾಗ, ಮಗು ಕೇಳಿದ್ದು ಒಂದೇ.

“ರೈಲಲ್ಲಾ?”

“ಊಂ ಕಣವ್ವ, ರೈಲಲ್ಲೇ.”

“ಮದ್ದೂರ್ ಟೇಸನ್ನಲ್ಲಿ ಅತ್ತೋ ರೈಲಲ್ಲಾ?”

“ಅದ್ರಲ್ಲೇ ಕಣವ್ವ.”

ಮರಿತಾಯಿ ಜಗಲಿಯಿಂದ ನೆಗೆದಳು! ವರ್ಷದಿಂದ ಕುಳಿತೇ ಇದ್ದ ಮಗು ಅಂಗಳವೆಲ್ಲ ಕುಣಿಯಿತು. ತಾನಾಗಿ ಬಂದು ತಲೆಗೆ ಎಣ್ಣೆ ಹಚ್ಚಿಸಿಕೊಂಡಿತು. ಸಿಕ್ಕು ಬಿಡಿಸುವಾಗ ಕೂಗಲಿಲ್ಲ. ಹಬ್ಬಕ್ಕೆಂದು ಎತ್ತಿಟ್ಟ ಲಂಗವನ್ನು ತೆಗೆಸಿ ಹಾಕಿಕೊಂಡಿತು. “ಎರಡು ಜಡೆ ಬ್ಯಾಡ, ಅವ್ವ ಆಕ್ತಿದ್ದಂಗೆ ಒಂದೇ ಆಕು,” ಎಂದಿತು.

“ನೋಡುದ್ರಾ? ನಾಟ್ಕ ಅನ್ನೋ ಮಾತಿಗೇ ಇಂಗೆ! ನಾಟ್ಕ ನೋಡುದ್ರೆ ಎಂಗೋ!” ಎಂದು ಮುದ್ದಮ್ಮ ಹೆಮ್ಮೆಯಿಂದ ಉಬ್ಬಿದಳು.

ಸಿದ್ದರಾಮು ಮಾತ್ರ ಕಂಬಕ್ಕೆ ಒರಗಿ ತಂಗಿಯನ್ನೇ ನೋಡುತ್ತಿದ್ದ. “ಅಜ್ಜಿ, ಅವ್ಳು... ಅವ್ಳು ನಾಟ್ಕುಕ್ಕಲ್ಲ...”

“ಲೇ! ಆಣೆ ಮರ್ತೋಯ್ತೇನ್ಲಾ? ಬಾಯ್ ಮುಚ್ಕಂಡು ಅಂಗಿ ಆಕ್ಕೋ.”

ಅವನು ಬಾಯಿ ಮುಚ್ಚಿಕೊಂಡು ಅಂಗಿ ಹಾಕಿಕೊಂಡ.

ಭಾನುವಾರ ನಸುಕಿಗೆ ಗಾಡಿ ಕಟ್ಟಿ ಮದ್ದೂರಿಗೆ ಬಂದರು. ಬಸ್ಸಿಗೆ ಬರಬಹುದಿತ್ತು. ಆದರೆ ಅದು ಯುದ್ಧದ ಕಾಲ. ಪೆಟ್ರೋಲಿಲ್ಲದೆ ಇದ್ದಲಿನಲ್ಲಿ ಓಡುವ ಬಸ್ಸು ಏರು ಬಂದಾಗ ನಿಂತು, ಪ್ರಯಾಣಿಕರಿಂದಲೇ ತಳ್ಳಿಸಿಕೊಳ್ಳುತ್ತಿತ್ತು. “ಟಿಕೀಟು ತಗಂಡು ಬಸ್ಸ ಒತ್ಕಂಡು ಓಗೋ ಬದ್ಲು ಎತ್ತೇ ವಾಸಿ,” ಎಂದಿದ್ದ ಚಿಕ್ಕಬೋರಯ್ಯ.

ರೈಲು ಬಂತು. ಸಿಪಾಯಿಗಳಿಂದ ತುಂಬಿ ತುಳುಕುತ್ತಿತ್ತು. ಹೇಗೋ ನುಗ್ಗಿ, ಟ್ರಂಕೊಂದರ ಮೇಲೆ ಮಕ್ಕಳನ್ನು ಕೂರಿಸಿದ ಮೇಲೆ ಚಿಕ್ಕಬೋರಯ್ಯ ಕಿಟಕಿಯಿಂದ ಎಲ್ಲರಿಗೂ ವಡೆ ಕೊಂಡ. ಮರಿತಾಯಿ ತನ್ನ ವಡೆಯನ್ನು ಎರಡು ಕೈಯಲ್ಲೂ ಇಸಿದುಕೊಂಡು, ಮೂಸಿ ನೋಡಿ, ಎಲೆಯಲ್ಲಿ ಮಡಿಚಿ ಲಂಗದ ಮಡಿಲಲ್ಲಿ ಇಟ್ಟುಕೊಂಡಳು.

“ಯಾಕವ್ವ ತಿನ್ನಕಿಲ್ವಾ?”

“ಆಮೇಕೆ.”

ಚನ್ನಪಟ್ಟಣ ಬಂತು. ವಡೆ ಮಡಿಲಲ್ಲೇ ಇತ್ತು. ಅಷ್ಟು ಹೊತ್ತಿಗೆ ಎಣ್ಣೆ ಹೊಸ ಲಂಗದ ಮೇಲೆ ಅಂಗೈಯಗಲ ಹರಡಿತ್ತು.

“ಚನ್ನಪಟ್ಣ ದಾಟೋಗಂಟ ವಡೆ ತಿನ್ದೆ ಕೂತ್ಕಳೋ ಮೊಗವ ನಾನ್ ಎಲ್ಲೂ ಕಂಡಿಲ್ಲ. ಯಾರ್ ಮಾದರಿನೋ!” ಎಂದ ಚಿಕ್ಕಬೋರಯ್ಯ.

“ನನ್ ಮಾದರಿ! ಎಣೆ ಇಲ್ದಂಥ ಜೋಪಾನ,” ಎಂದಳು ಮುದ್ದಮ್ಮ.

ಬೆಂಗಳೂರಿನಲ್ಲಿ ಲಿಂಗಯ್ಯ ಕಾದಿದ್ದ. ನಾಟಕದ ಕೊಟ್ಟಿಗೆ ತಗಡಿನದು. ಒಂದು ಮಗ್ಗುಲಲ್ಲಿ ಹೆಂಗಸರು ಮಕ್ಕಳು, ಇನ್ನೊಂದರಲ್ಲಿ ಗಂಡಸರು, ನಡುವೆ ಒಂದು ಹಗ್ಗ. ಹಗ್ಗದ ಆಚೆ ಚಿಕ್ಕಬೋರಯ್ಯನ ಕೆನ್ನೆಯ ಮೇಲೆ ಸೊಳ್ಳೆಯೊಂದು ಬಂದು ಕೂತಿತು. ಅವನು ಕೈ ಎತ್ತಿದ. ಎತ್ತಿದವನು ಈಚೆ ನೋಡಿದ. ಮುದ್ದಮ್ಮನ ಕಣ್ಣು! ಶಪಥ ಶಪಥವೇ. ಅವನು ಕೈ ಇಳಿಸಿ ಸೊಳ್ಳೆಯನ್ನು ಊದಿ ಕಳಿಸಿದ.

ಪರದೆ ಎದ್ದಿತು. ಅಳಿಯ ಬಂದ, ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡ. ಜನ ನಕ್ಕರು. ಅತ್ತೆ ಬಂದಳು, ಅವನನ್ನು ಕಂಡು ಹಣೆ ಬಡಿದುಕೊಂಡಳು. ಜನ ಇನ್ನೂ ನಕ್ಕರು. ಕರಿ ಗೋಣಿಯೊಳಗೆ ಇಬ್ಬರು ಗಂಡಸರು ಹೊಕ್ಕ ಎಮ್ಮೆ ಬಂತು. ಮುಂಗಾಲು ಒಂದು ದಾರಿ, ಹಿಂಗಾಲು ಒಂದು ದಾರಿ! ತಗಡು ಹಾರುವಷ್ಟು ನಗು. ಮುದ್ದಮ್ಮ ಕಣ್ಣೀರು ಬರುವಂತೆ ನಕ್ಕು, ಮೊಮ್ಮಗಳ ಕಡೆ ತಿರುಗಿದಳು.

ಮರಿತಾಯಿ ರಂಗಕ್ಕೆ ಬೆನ್ನು ಮಾಡಿ ಬೆಂಚಿನ ಮೇಲೆ ನಿಂತಿದ್ದಳು. ಹಿಂದೆ ಕುಳಿತ ಹೆಂಗಸರ ಮುಖಗಳನ್ನು ಸಾಲು ಸಾಲಾಗಿ ನೋಡುತ್ತಿದ್ದಳು. ಒಂದು ಸಾಲು ಮುಗಿದರೆ ಇನ್ನೊಂದು.

“ಈ ಕಡೆ ನೋಡವ್ವ, ಎಮ್ಮೆ!” ಎಂದು ಮುದ್ದಮ್ಮ ಅವಳ ತಲೆಯನ್ನು ಚೊಂಬು ತಿರುಗಿಸಿದ ಹಾಗೆ ತಿರುಗಿಸಿದಳು. ಕೈ ಬಿಟ್ಟ ಕೂಡಲೇ ಚೊಂಬು ಹಿಂದಕ್ಕೆ ತಿರುಗಿತು.

“ನಿಮ್ಮ ಮಗು ಯಾಕೆ ನಮ್ಮನ್ನೇ ನೋಡ್ತಿದೆ?” ಎಂದು ಹಿಂದಿನ ಹೆಂಗಸು ಕೇಳಿದಳು.

“ಅದುಕ್ಕೆ ನಾಚ್ಕೆ ಕಣಮ್ಮ. ಅಳ್ಳಿ ಮೊಗ,” ಎಂದು ಸಮಾಧಾನ ಹೇಳಿ, ಮಗುವಿಗೆ ದಾರಿ ತೋರಿಸಲೆಂದು ಮುದ್ದಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು.

ಅಷ್ಟರಲ್ಲಿ ಎಮ್ಮೆ ಕಳೆದುಹೋಯಿತು! ಸಿಕ್ಕೇ ಸಿಗುತ್ತದೆಂದು ಗೊತ್ತಿದ್ದೂ ಮುದ್ದಮ್ಮ ಬೆಂಚಿನ ತುದಿಗೆ ಸರಿದಳು. ಮನೆಯಲ್ಲಿ ಎಮ್ಮೆ ಕಟ್ಟಿದವರಿಗೇ ಗೊತ್ತು ಆ ಸಂಕಟ. ಅಳಿಯ ಬೆಟ್ಟದ ಪರದೆಯ ಮುಂದೆ ಹುಡುಕಿದ. ಎಮ್ಮೆಯ ಬಾಲ ಪರದೆಯ ಕೆಳಗೆ ಕಾಣುತ್ತಿತ್ತು. ಮುದ್ದಮ್ಮ ತಡೆಯಲಾರದೆ ಎದ್ದು ನಿಂತು, “ಅಗೋ ಅಲ್ಲೇ ಅದೆ ಕಣ್ಲಾ ದಡ್ಡ! ಬೆಟ್ಟದ ಇಂದೆ!” ಎಂದು ಕೂಗಿದಳು. ಜನ ಬಿದ್ದು ಬಿದ್ದು ನಕ್ಕರು. ನಾಚಿ ಕುಳಿತು ಕೈ ಚಾಚಿದರೆ, ಮಗ್ಗುಲಲ್ಲಿ ಮರಿತಾಯಿ ಇಲ್ಲ.

ರಂಗದ ಮೇಲೆ ಆಗ ತಾನೇ ಅಳಿಯನ ಹೆಂಡತಿ ಬಂದು, ಜನರಿಗೆ ಬೆನ್ನು ಮಾಡಿ, ಬೆಟ್ಟದ ಕಡೆ ಕೈ ನೀಡಿ ಎಮ್ಮೆಯನ್ನು ಕರೆಯುತ್ತಿದ್ದಳು. ಹಸಿರು ಸೀರೆ. ಒಂಟಿ ಜಡೆ. ಹಾರ್ಮೋನಿಯಂ ಮೇಷ್ಟರ ಪಕ್ಕದ ಮೆಟ್ಟಿಲು ಹತ್ತಿ, ಎಣ್ಣೆ ಕಲೆಯ ಲಂಗದ ಪುಟ್ಟ ಆಕಾರವೊಂದು ಆ ಸೀರೆಯ ಸೆರಗು ಹಿಡಿದು ಎಳೆಯಿತು.

“ಅವ್ವ. ನಾನ್ ಬಂದಿವ್ನಿ.”

ಹೆಂಡತಿಯ ಪಾತ್ರ ಮಾಡುತ್ತಿದ್ದವನು ಗಂಡಸು. ಬಹಳ ಕಾಲದ ಅನುಭವಿ. ರಂಗದ ಮೇಲೆ ಏನು ಬಂದರೂ ಆಟಕ್ಕೆ ಸೇರಿಸಿಕೊಳ್ಳುವ ಪೈಕಿ. “ಓಹೋ, ಬಂದೆಯಾ ಕಂದಾ! ನಮ್ಮ ಎಮ್ಮೆಯನ್ನೇನಾದರೂ ಕಂಡೆಯಾ?” ಎಂದು ರಾಗ ಎಳೆದ.

ಜನ ಚಪ್ಪಾಳೆ ತಟ್ಟಿದರು.

ಮರಿತಾಯಿ ಮಡಿಲಿನಿಂದ ಎಲೆ ತೆಗೆದು ಬಿಚ್ಚಿ, ಎರಡು ಕೈಯಲ್ಲೂ ನೀಡಿದಳು. “ತಗೋ. ಮದ್ದೂರ್ದು. ನಾನ್ ತಿನ್ನಿಲ್ಲ.”

ಪಾಪ, ಅವನಿಗೇನು ಗೊತ್ತು! ವಡೆ ತೆಗೆದುಕೊಂಡು ಅರ್ಧ ಕಚ್ಚಿದ. ಬಾಯಿ ಚಪ್ಪರಿಸಿ, ಜನರ ಕಡೆ ತಿರುಗಿ, “ಎಮ್ಮೆ ಹೋದರೆ ಹೋಗಲಿ ತಾಯಂದಿರೇ, ವಡೆ ಬಂತು!” ಎಂದ. ತಗಡಿನ ಕೊಟ್ಟಿಗೆ ಕಿತ್ತು ಹೋಗುವಂತೆ ಕೂಗು. ವನ್ಸ್‌ಮೋರ್! ವನ್ಸ್‌ಮೋರ್!

ಅವನು ತಿರುಗಿದಾಗ ಮರಿತಾಯಿಗೆ ಮುಖ ಕಂಡಿತು. ಬಿಳಿ ಪುಡಿ, ಕೆಂಪು ತುಟಿ, ಪುಡಿಯ ಅಡಿಯಲ್ಲಿ ಬೋಳಿಸಿದ ಗಡ್ಡದ ನೀಲಿ.

“ನೀನು ನಮ್ಮವ್ವ ಅಲ್ಲ,” ಎಂದಳು. ಆಮೇಲೆ ಅವಳ ದನಿ ಒಡೆಯಿತು. “ಅದು ನಮ್ಮವ್ವಂಗೆ ತಂದಿದ್ದು. ಕೊಡು!”

ಹಿಂದಿನ ಸಾಲುಗಳು ಇನ್ನೂ ವನ್ಸ್‌ಮೋರ್ ಎನ್ನುತ್ತಿದ್ದವು. ಮುಂದಿನ ಸಾಲು ಮೊದಲು ಸುಮ್ಮನಾಯಿತು. ಒಲೆಯಿಂದ ಇಳಿಸಿದ ಹಾಲು ಕೂರುವ ಹಾಗೆ ಆ ಸದ್ದು ಮೆಲ್ಲಗೆ ಕೂತಿತು. ಆ ಮೌನದಲ್ಲಿ ಮುದ್ದಮ್ಮ ಬೆಂಚು ಎಡವಿ, ಯಾರದೋ ಕಾಲು ತುಳಿದು, ಮೆಟ್ಟಿಲು ಹತ್ತಿ ರಂಗಕ್ಕೆ ಬಂದಳು. ಇದೂ ಪಾತ್ರವೆಂದುಕೊಂಡು ಮೂಲೆಯಲ್ಲಿ ಯಾರೋ ಇಬ್ಬರು ಚಪ್ಪಾಳೆ ತಟ್ಟಿದರು.

“ಅಜ್ಜಿ, ಅವ್ವ ಇಲ್ಲೂ ಇಲ್ಲ. ಎಲ್ರುನೂ ನೋಡ್ದೆ,” ಎಂದಿತು ಮಗು.

“ಇಲ್ಲಿಗ್ಯಾಕ್ ಬತ್ತಾಳವ್ವ? ಇದು ಬೆಂಗಳೂರಲ್ವಾ?”

“ಅವ್ವ ರೈಲಲ್ಲಿ ತಾನೆ ಓಗಿದ್ದು? ನಾವೂ ರೈಲಲ್ಲೇ ಬಂದ್ವಲ್ಲ.”

ಮುದ್ದಮ್ಮ ಮಗುವನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. ಪೂರ್ವಕ್ಕೆ ಹೋಗುವ ರೈಲು ಬೇರೆ, ಪಶ್ಚಿಮಕ್ಕೆ ಹೋಗುವುದು ಬೇರೆ ಎಂಬುದು ದೊಡ್ಡವರ ತಿಳಿವಳಿಕೆ. ಆ ಮಗುವಿನ ಲೋಕದಲ್ಲಿ ಇದ್ದದ್ದು ಒಂದೇ ರೈಲು. ಅದು ಅವ್ವನನ್ನು ಕರೆದುಕೊಂಡು ಹೋಗಿತ್ತು. ಹತ್ತಿದರೆ ಅವ್ವನ ಹತ್ತಿರ ಹೋಗಿ ನಿಲ್ಲುತ್ತದೆ. ರಾಕ್ಷಸನ ತಾಯಿಯನ್ನೂ ಬಿಡದೆ ವಿಚಾರಿಸಿದ ಮುದ್ದಮ್ಮ ಇದೊಂದನ್ನು ಕೇಳಿರಲಿಲ್ಲ.

ಎಮ್ಮೆಯ ಮುಂಗಾಲ ಮನುಷ್ಯ ಕೊಂಬಿನ ತಲೆಯನ್ನು ಕಳಚಿ ಕಂಕುಳಲ್ಲಿ ಇಟ್ಟುಕೊಂಡು, ದಾರಿ ಬಿಟ್ಟು ನಿಂತ.

ಹೊರಗೆ ಹೊಂಗೆ ಮರದ ಕೆಳಗೆ ಎಲ್ಲರೂ ಕುಳಿತರು. ಹೇಳಬೇಕಾದ ಮಾತನ್ನು ಈಗ ಹೇಳಲೇಬೇಕು. ಮುದ್ದಮ್ಮ ಸೆರಗಿನಿಂದ ಮಗುವಿನ ಮೂಗು ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಇಲ್ಲಿ ಸರಿ ಮಾಡಲು ಬತ್ತಿ ಇರಲಿಲ್ಲ. ಮನಸ್ಸಿನಲ್ಲೇ ಸ್ವಾಮಿಯನ್ನು ನೆನೆದು ಹೇಳಿದಳು:

“ಅವ್ವ ಬರಾಕಿಲ್ಲ ಕಣವ್ವ.”

“ರೈಲಲ್ಲಿ ಬರಾಕಿಲ್ವಾ?”

“ಇಲ್ಲ ಕಣವ್ವ.”

“ಗಾಡೀಲಿ?”

“ಇಲ್ಲ.”

ಮರಿತಾಯಿ ಯೋಚನೆ ಮಾಡಿದಳು. “ನಡ್ಕಂಡು?”

“ನಡ್ಕಂಡೂ ಬರಾಕಿಲ್ಲ ಕೂಸೆ. ಸತ್ತೋದ್ಲು. ನಿಮ್ಮವ್ವ ಸತ್ತೋದ್ಲು.”

ವರ್ಷದಿಂದ ಈ ಮಗುವಿನ ಮುಂದೆ ಕೋಳಿಗೂ ಬಳಸದ ಮಾತು. ಹೇಳಿದ ಮೇಲೆ ಮುದ್ದಮ್ಮ ಬಾಯಿಗೆ ಸೆರಗು ತುಂಬಿಕೊಂಡಳು. ಮರಿತಾಯಿ ಅಜ್ಜಿಯ ಮುಖ ನೋಡುತ್ತ ಕುಳಿತಳು. ಮೊದಲು ಬಿಕ್ಕಿದವನು ಸಿದ್ದರಾಮು. ಮಳೆಗೆ ಗೋಡೆ ಕುಸಿದಂತೆ ನೆಲಕ್ಕೆ ಬಿದ್ದು ಅತ್ತ. “ನಾನ್ ಯೋಳ್ನಿಲ್ಲ ಅಜ್ಜಿ! ಯಾರ್ಗೂ ಯೋಳ್ನಿಲ್ಲ! ಆಣೆಗೂ ಯೋಳ್ನಿಲ್ಲ!” ಅಣ್ಣ ಅಳುವುದನ್ನು ಕಂಡು ತಂಗಿಯೂ ಅತ್ತಳು. ಚಿಕ್ಕಬೋರಯ್ಯ ಪೇಟ ಬಿಚ್ಚಿ ಮುಖ ಒರೆಸಿಕೊಂಡ.

ಸ್ವಲ್ಪ ಹೊತ್ತಿಗೆ ಹಸಿರು ಸೀರೆಯವನು ಜಡೆ ಕಳಚಿಟ್ಟು, ಬೋಳು ತಲೆಯಲ್ಲಿ ಬಂದ. ಕೈಯಲ್ಲಿ ಎಲೆಯಲ್ಲಿ ಮಡಿಚಿದ ಅರ್ಧ ವಡೆ. “ಅಮ್ಮಾ, ಎಂಜಲಾಗಿದೆ... ಆದ್ರೂ ಮಗು ಕೇಳ್ತಲ್ಲಾ ಅಂತ ತಂದೆ. ನನ್ನಿಂದ ತಪ್ಪಾಯ್ತು,” ಎಂದ.

“ನಿಮ್ದೇನ್ ತಪ್ಪಪ್ಪ,” ಎಂದಳು ಮುದ್ದಮ್ಮ. “ತಿನ್ನಿ. ಅಸ್ದಿದ್ರಿ.”

ಒಳಗೆ ತಗಡಿನ ಕೊಟ್ಟಿಗೆ ಮತ್ತೆ ನಕ್ಕಿತು. ಇಣುಕಿ ನೋಡಿ ಬಂದ ಲಿಂಗಯ್ಯ ಮೆಲ್ಲಗೆ, “ಎಮ್ಮೆ ಸಿಕ್ತು ಅಕ್ಕ,” ಎಂದ.

ಮುಂದಿನ ತಿಂಗಳು ವರ್ಷದ ಎಡೆ. ಮುತ್ತುಗದ ಎಲೆಯಲ್ಲಿ ನಂಜಿಗೆ ಇಷ್ಟವಾದ ಅವರೆಕಾಳು ಸಾರು, ಒಬ್ಬಟ್ಟು, ಎಲ್ಲ ಬಡಿಸಿದ್ದಾಯಿತು. ಮಂಡ್ಯದಿಂದ ಬಂದ ಮಕ್ಕಳ ಅಪ್ಪ, ಮಗಳು ಹೇಳಿ ಕಳಿಸಿದ್ದಂತೆ, ದಾರಿಯಲ್ಲಿ ಮದ್ದೂರಿನಲ್ಲಿ ಇಳಿದು ಒಂದು ವಡೆ ತಂದಿದ್ದ. ಅದನ್ನು ಮರಿತಾಯಿಯೇ ಎಲೆಯ ತುದಿಗೆ ಇಟ್ಟಳು. ಪದ್ಧತಿಯಂತೆ ಬಾಗಿಲು ಮುಂದೆ ಮಾಡಿ, ಹೋದವರು ಬಂದು ಉಣ್ಣಲೆಂದು ಎಲ್ಲರೂ ಜಗಲಿಯಲ್ಲಿ ಕುಳಿತರು. ಮರಿತಾಯಿ ಮದ್ದೂರಿನ ದಾರಿ ನೋಡಲಿಲ್ಲ. ಬಾಗಿಲನ್ನೇ ನೋಡಿದಳು.

ಬಾಗಿಲು ತೆಗೆದಾಗ ವಡೆ ಇಟ್ಟ ಹಾಗೇ ಇತ್ತು. ಮುದ್ದಮ್ಮನ ನಾಲಿಗೆಯ ತುದಿಗೆ ಮಾತು ಬಂತು, “ಅವ್ವ ಬಂದು ರುಚಿ ನೋಡ್ಕಂಡು ಓದ್ಲು ಕಣವ್ವ.” ಸ್ವಾಮಿಯ ಪಟದ ಕಡೆ ನೋಡಿದಳು. ಮಾತನ್ನು ನುಂಗಿಕೊಂಡಳು.

ಮರಿತಾಯಿ ವಡೆ ಎತ್ತಿಕೊಂಡು ಐದು ಚೂರು ಮಾಡಿದಳು. ಅಪ್ಪನಿಗೊಂದು, ಅಣ್ಣನಿಗೊಂದು, ತಾತನಿಗೊಂದು, ತನಗೊಂದು. ಐದನೆಯದನ್ನು ಅಜ್ಜಿಯ ಬಾಯಿಗೇ ಇಟ್ಟಳು. ಅಲ್ಲಿಗೆ ಮುದ್ದಮ್ಮನ ಶೌರ್ಯವೆಲ್ಲ ಮುಗಿಯಿತು. ವರ್ಷದಿಂದ ಮಗುವಿನ ಮುಂದೆ ಅಳದವಳು, ಬಾಯಿ ತುಂಬ ವಡೆ ಇಟ್ಟುಕೊಂಡು, ನೆಂಟರೆಲ್ಲ ನೋಡುತ್ತಿರುವಂತೆಯೇ ಗೋಳೋ ಎಂದು ಅತ್ತಳು.

ಮರಿತಾಯಿ ಅಜ್ಜಿಯ ಬೆನ್ನು ಸವರಿದಳು. ಅಳು ನಿಲ್ಲಲಿಲ್ಲ. ಆಗ ತಾತನ ಹತ್ತಿರ ಹೋಗಿ, ಕಿವಿಯಲ್ಲಿ ಕೇಳಿದಳು:

“ತಾತ, ಅಜ್ಜಿನ ನಗಿಸ್ಬೇಕು. ಯಾರೂ ಸಾಯ್ದಿರೋ ನಾಟ್ಕ ಯಾವ್ದಾದ್ರೂ ಅದಾ?”

ಚಿಕ್ಕಬೋರಯ್ಯ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡ. “ಉಡುಕ್ಬೇಕು ಕಣಮ್ಮಿ. ಸೊಳ್ಳೆನೂ ಸಾಯಬಾರ್ದಾ?”

ಮರಿತಾಯಿ ಅಜ್ಜಿಯ ಕಡೆ ಒಮ್ಮೆ ನೋಡಿ, ಬಹಳ ಯೋಚನೆ ಮಾಡಿ, ಹೇಳಿದಳು:

“ಸೊಳ್ಳೆ ಸತ್ರೆ ಸಾಯ್ಲಿ ಬುಡು ತಾತ. ಅಜ್ಜಿ ತಡ್ಕತಾಳೆ.”